ಬ್ಯಾಟರಿಗೆ ಮೈಲಿಗೆಯಾದದ್ದು

ಬ್ಯಾಟರಿಗೂ ಸೆಕೆಯಾಗುತ್ತದೆ ಎಂದು ದುರ್ಗವ್ವನಿಗೆ ಹೇಳಿದವನು ಜುಲ್ಫಿಕರ. ಅವಳು ನಂಬಲಿಲ್ಲ.

"ಅದಕ್ಕೇನು ಮೈ ಐತೇನೋ ತಮ್ಮಾ?"

"ಮೈ ಇಲ್ಲಕ್ಕಾ, ಆದ್ರ ಕಾಯ್ತಾವ. ಭಾಳ ಕಾದ್ರ ಕೆಟ್ಟು ಹೋಗ್ತಾವ. ಅದಕ್ಕ ಏಸಿ ಇಟ್ಟಾರ. ಹಗಲು ರಾತ್ರಿ ಬಂದ್ ಮಾಡೂ ಹಂಗಿಲ್ಲ."

"ನಾವು ಕಾದ್ರ?"

ಜುಲ್ಫಿಕರ ಮುದ್ದೇಬಿಹಾಳದವನು. ಡಿಪ್ಲೊಮಾ ಓದಿ, ಬ್ಯಾಟರಿ ಕಂಪನಿ ಸೇರಿ, ಈ ಘಟಕಕ್ಕೆ ಬಂದು ಕೆಲವು ತಿಂಗಳಾಗಿತ್ತು. ಬ್ಯಾಟರಿ ಕಾದರೆ ಏನು ಮಾಡಬೇಕೆಂದು ಅವನಿಗೆ ಕಲಿಸಿದ್ದರು. ಕಸ ಆರಿಸುವ ಹೆಂಗಸು ಕಾದರೆ ಏನು ಮಾಡಬೇಕೆಂದು ಕಲಿಸಿರಲಿಲ್ಲ.

ಸೊನ್ನಹಾಳ ಇರುವುದು ಇಂಡಿಯಿಂದ ಸಿಂದಗಿಗೆ ಹೋಗುವ ದಾರಿಯಲ್ಲಿ, ತಾಂಬಾ ದಾಟಿದ ಮೇಲೆ. ಊರು ದೊಡ್ಡದಲ್ಲ. ಕಸ ದೊಡ್ಡದು. ಆ ಕಸವನ್ನು ಊರು ಹಿಂದಿನಿಂದಲೂ ಕೇರಿಯ ಬೆನ್ನಿಗೇ ಸುರಿಯುತ್ತ ಬಂದಿತ್ತು. ಗಾಳಿ ಬೀಸಿದರೆ ಪ್ಲಾಸ್ಟಿಕ್ ಚೀಲಗಳು ಹಾರಿ ಬಂದು ದುರ್ಗವ್ವನ ಮನೆಯ ರೊಟ್ಟಿ ಬುಟ್ಟಿಯ ಮೇಲೆ ಕೂರುತ್ತಿದ್ದವು. ಈಗ ಅದೇ ಜಾಗಕ್ಕೆ ಪಟ್ಟಣ ಪಂಚಾಯಿತಿಯವರು ಕಾಂಪೌಂಡು ಕಟ್ಟಿಸಿ, ಕಮಾನು ನಿಲ್ಲಿಸಿ, 'ಕಸದಿಂದ ಬೆಳಕು' ಎಂದು ಬರೆಸಿದ್ದರು. ಹಸಿ ಕಸ ಅರೆದು ಮುಚ್ಚಿದ ತೊಟ್ಟಿಗೆ ಬಿಟ್ಟರೆ ಗ್ಯಾಸು. ಗ್ಯಾಸಿನಿಂದ ಕರೆಂಟು. ಹಗಲೆಲ್ಲ ಸೋಲಾರ್ ಫಲಕಗಳಿಂದ ಇನ್ನಷ್ಟು. ಎಲ್ಲವನ್ನೂ ಬ್ಯಾಟರಿಯಲ್ಲಿ ಕೂಡಿಟ್ಟು ರಾತ್ರಿ ಬೀದಿದೀಪ ಉರಿಸುವುದು. ದೀಪದ ಕಂಬಗಳು ಘಟಕದ ಗೇಟಿನಿಂದ ಹೊರಟು ಬಸ್‌ಸ್ಟ್ಯಾಂಡು, ಪೇಟೆ, ಪಂಚಾಯಿತಿಯ ಚೀಫ್ ಆಫೀಸರರ ಮನೆ ಎಂದು ಊರ ಕಡೆ ನಡೆದವು. ಕೇರಿಯ ಕಡೆ ತಿರುಗಿಯೂ ನೋಡಲಿಲ್ಲ. ಕೇರಿಗೆ ಮೊದಲಿನಿಂದ ಬರುತ್ತಿದ್ದದ್ದು ನಾತ. ಅದು ಮುಂದುವರಿಯಿತು.

ಉದ್ಘಾಟನೆ ಇನ್ನೂ ಆಗಿರಲಿಲ್ಲ. ಬೆಂಗಳೂರಿನಿಂದ ದೊಡ್ಡವರೊಬ್ಬರು ಬಂದು ಗುಂಡಿ ಒತ್ತಬೇಕಿತ್ತು. ಅಲ್ಲಿಯವರೆಗೆ ಎಲ್ಲವೂ 'ಪ್ರಾಯೋಗಿಕ'. ಪ್ರಾಯೋಗಿಕವಾಗಿ ದೀಪ ಉರಿಯುತ್ತಿದ್ದವು. ಪ್ರಾಯೋಗಿಕವಾಗಿ ಹೆಂಗಸರು ಕಸ ಆರಿಸುತ್ತಿದ್ದರು. ಗಾಜು ಮಾತ್ರ ನಿಜವಾಗಿಯೇ ಕೈ ಕೊಯ್ಯುತ್ತಿತ್ತು.

ಹಸಿ ಕಸ ಒಣ ಕಸ ಬೇರೆ ಮಾಡಿ ಕೊಡಿ ಎಂದು ಗಾಡಿಯ ಮೈಕು ದಿನಾ ಹಾಡುತ್ತಿತ್ತು. ಊರವರು ಹಾಡು ಕೇಳುತ್ತಲೇ ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕುತ್ತಿದ್ದರು. ಹಳಸಿದ ಸಾರು, ಮಗುವಿನ ಡಯಾಪರು, ದವಾಖಾನೆಯ ಸೂಜಿ, ಒಡೆದ ಬಾಟಲಿ, ಬಡಿದು ಕೊಂದ ಇಲಿ. ಅದೆಲ್ಲ ಸದಾ ಓಡುವ ಬೆಲ್ಟಿನ ಮೇಲೆ ಉರುಳಿ ಬರುತ್ತಿತ್ತು. ಬೆಲ್ಟಿನ ಎರಡೂ ಬದಿಗೆ ಹೆಂಗಸರು ನಿಂತು, ಬಗ್ಗಿ, ಕೈ ಹಾಕಿ ಆರಿಸಬೇಕು. ಮೇಲೆ ತಗಡಿನ ಚಾವಣಿ. ಕೊಟ್ಟ ಗ್ಲೌಸು ಬೆರಳಿನ ತುದಿಯಲ್ಲಿ ಮೊದಲ ವಾರವೇ ಹರಿದಿದ್ದವು. ಆಮೇಲೆ ಅವನ್ನು ಹಾಕಿಕೊಂಡರೆ ರಸ ಒಳಗೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಹಾಗಾಗಿ ಬಿಟ್ಟರು.

ಊರಿನ ದೊಡ್ಡವರ ಮನೆತನ ಎಂಥದೆಂದು ದುರ್ಗವ್ವನಿಗೆ ಅವರ ಕಸದಿಂದ ಗೊತ್ತಿತ್ತು. ಮಾಂಸ ಮುಟ್ಟುವುದಿಲ್ಲ ಎನ್ನುವವರ ಮನೆಯ ಚೀಲದಲ್ಲಿ ಮೂಳೆ ಸಿಕ್ಕರೆ ರೋಷನಬಿ ಅದನ್ನು ಎತ್ತಿ ಹಿಡಿದು, "ಇದು ಬದನೀಕಾಯಿ ಎಲುಬು ಬಿಡ್ರಿ" ಎನ್ನುತ್ತಿದ್ದಳು. ಬೆಲ್ಟಿನ ಎರಡೂ ಬದಿ ನಗು. ರೋಷನಬಿ ಘಟಕ ಕಟ್ಟುವ ಮೊದಲು ಇದೇ ಕಸದ ಗುಡ್ಡದಲ್ಲಿ ಚೀಲ ಹೊತ್ತು ಪ್ಲಾಸ್ಟಿಕ್ ಆರಿಸುತ್ತಿದ್ದವಳು. ಅವಳ ಎದುರು ನಿಲ್ಲುವವಳು ಹುಲಿಗೆವ್ವ, ದುರ್ಗವ್ವನ ನೆಗೆಣ್ಣಿ. ಗಂಡನ ಅಣ್ಣನ ಹೆಂಡತಿ. ತನ್ನ ಗಂಡ ಸತ್ತ ಮೇಲೂ ಅವಳು ದುರ್ಗವ್ವನ ಮನೆಯ ಪಕ್ಕದ ಕೋಣೆಯಲ್ಲಿದ್ದಳು. ವಯಸ್ಸಾಗಿತ್ತು. ಕೆಲಸ ಬಿಡು ಎಂದರೆ, "ಮನ್ಯಾಗ ಕುಂತು ನಿನ್ನ ಮಾರಿ ನೋಡ್ಲೇನು?" ಎನ್ನುತ್ತಿದ್ದಳು.

ಘಟಕದಲ್ಲಿ ತಂಪಾದ ಕೋಣೆ ಎರಡೇ. ಒಂದು ಬ್ಯಾಟರಿಯದು. ಇನ್ನೊಂದರ ಬಾಗಿಲ ಮೇಲೆ 'ಸಿಬ್ಬಂದಿ ವಿಶ್ರಾಂತಿ ಕೊಠಡಿ' ಎಂದು ಬರೆದಿತ್ತು. ಒಳಗೆ ಸೋಫಾ, ಏಸಿ, ಫಿಲ್ಟರ್ ನೀರು, ಟೈಲ್ಸ್ ಹಾಕಿದ ಪಾಯಿಖಾನೆ. ಬೀಗದ ಕೈ ಅಣ್ಣಾರಾಯಗೌಡನ ಹತ್ತಿರ. ಅವನು ಗುತ್ತಿಗೆದಾರನ ಕಡೆಯ ಮೇಲ್ವಿಚಾರಕ. ಹೆಂಗಸರು ಮೊದಲ ದಿನವೇ ಆ ಬಾಗಿಲ ಹತ್ತಿರ ಹೋಗಿದ್ದಾಗ ಅವನು ಬರಹ ತೋರಿಸಿದ್ದ.

"ಓದಾಕ ಬರ್ತದಿಲ್ಲೋ? ಸಿಬ್ಬಂದಿ ಅಂತ ಐತಿ. ನೀವು ಸಿಬ್ಬಂದಿ ಅಲ್ಲ. ಕಾಂಟ್ರಾಕ್ಟು."

ಹೀಗಾಗಿ ಉಣ್ಣುವುದು ಜಾಲಿ ಗಿಡದ ಕೆಳಗೆ. ಕುಡಿಯುವುದು ಮನೆಯಿಂದ ಕ್ಯಾನಿನಲ್ಲಿ ತಂದ ಬೋರ್‌ವೆಲ್ ನೀರು. ಸೋಲಾರ್ ಫಲಕ ತೊಳೆಯಲು ಟ್ಯಾಂಕರಿನಲ್ಲಿ ಶುದ್ಧ ನೀರು ಬರುತ್ತಿತ್ತು. ಬೋರಿನ ನೀರು ಹಾಕಿದರೆ ಫಲಕದ ಮೇಲೆ ಕಲೆ ಬೀಳುತ್ತದಂತೆ. ಹೆಂಗಸರ ಹಲ್ಲಿನ ಮೇಲೆ ಆ ಕಲೆ ಯಾವತ್ತೋ ಬಿದ್ದಿತ್ತು.

ಮೇ ತಿಂಗಳು. ಚಾವಣಿಯ ತಗಡು ಬೆಳಗ್ಗೆಯೇ ಕಟಕಟ ಸದ್ದು ಮಾಡಲು ಶುರುವಿಟ್ಟಿತ್ತು. ಹುಲಿಗೆವ್ವ ಮುಂಜಾನೆಯಿಂದ ಮಾತಾಡಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ, "ದುರ್ಗೀ, ಕಣ್ಣಿಗೆ ಕತ್ತಲಿ ಬರಾಕತ್ತೈತಿ" ಎಂದಳು. ದುರ್ಗವ್ವ ತಲೆ ಎತ್ತುವಷ್ಟರಲ್ಲಿ ಮುಂದಕ್ಕೆ ವಾಲಿ ಬೆಲ್ಟಿನ ಮೇಲೆ ಬೋರಲು ಬಿದ್ದಳು.

ಬೆಲ್ಟು ನಿಲ್ಲಲಿಲ್ಲ. ಅದಕ್ಕೆ ಹುಲಿಗೆವ್ವನೂ ಒಂದೇ, ಕೊಳೆತ ಟೊಮ್ಯಾಟೊವೂ ಒಂದೇ. ಕಸದ ಜೊತೆ ಅವಳನ್ನೂ ಅರೆಯುವ ಯಂತ್ರದ ಬಾಯಿಯ ಕಡೆ ಎಳೆದುಕೊಂಡು ಹೊರಟಿತು. ದುರ್ಗವ್ವ ಕಾಲು ಹಿಡಿದಳು. ಸೀರೆ ಕೈಗೆ ಬಂತು, ಕಾಲು ಜಾರಿತು. ರೋಷನಬಿ ಕಂಬದ ಕೆಂಪು ಗುಂಡಿಯ ಮೇಲೆ ಮುಷ್ಟಿಯಿಂದ ಗುದ್ದಿದಳು. ಬೆಲ್ಟು ಕರ್ರೆಂದು ನಿಂತಿತು.

ಎತ್ತಿ ಕೆಳಗಿಳಿಸಿದರು. ಹುಲಿಗೆವ್ವನ ಮೈ ಸುಡುತ್ತಿತ್ತು. ಒಂದು ಹನಿ ಬೆವರಿಲ್ಲ. ಬಾಯಿ ಒಂದು ಕಡೆ ಸೊಟ್ಟಗೆ ಬಿದ್ದಿತ್ತು. ವಿಶ್ರಾಂತಿ ಕೋಣೆಗೆ ಬೀಗ. ಅಣ್ಣಾರಾಯ ಇಂಡಿಗೆ ಹೋಗಿದ್ದ. ದುರ್ಗವ್ವ ಫೋನು ಮಾಡಿದಳು.

"ನೆರಳಾಗ ಮಲಗಸ್ರಿ" ಎಂದ.

"ಯಾವ ನೆರಳಾಗ್ರಿ ಗೌಡ್ರ?"

ಫೋನು ಕಟ್ಟಾಯಿತು. ದುರ್ಗವ್ವ ಜಾಲಿ ಗಿಡ ನೋಡಿದಳು. ಅದರ ಬುಡದಲ್ಲಿ ಒಂದು ನಾಯಿ ನಾಲಿಗೆ ಚಾಚಿ ಬಿದ್ದಿತ್ತು. ಆಮೇಲೆ ಬ್ಯಾಟರಿ ಕೋಣೆ ನೋಡಿದಳು.

"ರೋಷನಬೀ, ನೀ ಕಾಲು ಹಿಡಿ."

ಜುಲ್ಫಿಕರ ಬಾಗಿಲಲ್ಲೇ ಅಡ್ಡ ಬಂದ. "ಅಕ್ಕಾ, ಇಲ್ಲಿ ಯಾರನೂ ಬಿಡೂ ಹಂಗಿಲ್ಲರಿ. ಭಾಳ ಜೋರು ಕರೆಂಟ್ ಐತಿ. ನನ್ನ ನೌಕರಿ ಹೋಗ್ತದ."

"ನಿನ್ನ ಬ್ಯಾಟರಿ ಮುಟ್ಟೂದಿಲ್ಲೋ ತಮ್ಮಾ. ನೆಲಾ ಕೊಡು. ಬರೇ ನೆಲಾ."

ಅವನು ಹುಲಿಗೆವ್ವನ ಮುಖ ನೋಡಿದ. ಮೇಲೆ ಸಿಕ್ಕಿಕೊಂಡ ಕಣ್ಣು ನೋಡಿದ. ಪಕ್ಕಕ್ಕೆ ಸರಿದ. ಬ್ಯಾಟರಿ ಬೀರುಗಳಿಂದ ದೂರ, ಬಾಗಿಲ ಹತ್ತಿರದ ಗೋಡೆಗೆ ಮಲಗಿಸಲು ಹೇಳಿ, ತಾನೇ ಬಕೆಟ್ಟಿನಲ್ಲಿ ನೀರು ತಂದು ಹೊಸ್ತಿಲಾಚೆ ಇಟ್ಟ. ಅಲ್ಲಿ ಬಟ್ಟೆ ಒದ್ದೆ ಮಾಡಿ, ಹಿಂಡಿ, ಕುತ್ತಿಗೆಗೆ, ಕಂಕುಳಿಗೆ ಇಟ್ಟರು.

ತಂಪು ದುರ್ಗವ್ವನ ಬೆನ್ನಿಗೆ ತಾಗಿತು. ಬೆವರಿ ಅಂಟಿದ್ದ ಕುಪ್ಪಸ ಮೈಯಿಂದ ಬಿಟ್ಟಿತು. ಮೈ ಹಾಯೆನಿಸಿತು. ಹಾಯೆನಿಸಿದ ಮೇಲೆ ಸಿಟ್ಟು ಬಂತು. ತಾವು ನಿಲ್ಲುವ ಜಾಗಕ್ಕೂ ಈ ತಂಪಿಗೂ ನಡುವೆ ಒಂದು ಗೋಡೆ, ಅಷ್ಟೇ. ಬೇಸಿಗೆಯೆಲ್ಲ ಅದು ಇಲ್ಲೇ ಇತ್ತು. ತಮ್ಮ ಕೈಯಿಂದ ಆರಿಸಿದ ಕಸದ ಕರೆಂಟಿನಿಂದಲೇ ಇತ್ತು.

ಬಹಳ ಹೊತ್ತಿನ ಮೇಲೆ ಹುಲಿಗೆವ್ವ ಕಣ್ಣು ಬಿಟ್ಟಳು. ಬಿಳಿ ಗೋಡೆ, ಮಿಣುಕುವ ಹಸಿರು ದೀಪ, ಮೈಮೇಲೆ ತಣ್ಣನೆ ಗಾಳಿ.

"ಸತ್ತೇನೇನ?"

"ಇಲ್ಲ. ಬ್ಯಾಟರಿ ರೂಮಿನಾಗ ಅದಿ."

"ಹಂಗಾರ ಇನ್ನೊಂದೀಟು ಮಲಗ್ತೇನಿ" ಎಂದು ಕಣ್ಣು ಮುಚ್ಚಿದಳು.

ಆಟೋ ಬಂದು ಅವಳನ್ನು ಸರ್ಕಾರಿ ದವಾಖಾನೆಗೆ ಒಯ್ಯುವ ಹೊತ್ತಿಗೆ ಅಣ್ಣಾರಾಯನ ಬೈಕು ಬಂತು. ಅವನು ಹುಲಿಗೆವ್ವ ಹೇಗಿದ್ದಾಳೆಂದು ಕೇಳಲಿಲ್ಲ. ಬ್ಯಾಟರಿ ಕೋಣೆಯ ಬಾಗಿಲಲ್ಲಿ ನಿಂತು ನೆಲ ನೋಡಿದ. ಬಿಳಿ ಟೈಲ್ಸಿನ ಮೇಲೆ ಕಸದ ರಸ, ಬರಿಗಾಲ ಗುರುತು, ಒಂದು ಒಡೆದ ಬಳೆ.

"ಒಳಗ ಯಾರು ಬಿಟ್ಟಾವ್ರು?"

ಜುಲ್ಫಿಕರ ಬಾಯಿ ತೆರೆಯುವ ಮೊದಲೇ ದುರ್ಗವ್ವ, "ನಾವ ಹೊಕ್ಕೇವ್ರಿ" ಎಂದಳು. "ಆಕಿ ಬೇಹೋಷ್ ಆಗಿದ್ಲು."

"ಬೇಹೋಷ್ ಆಗೂದು ಹೊರಗ ಆಗಬೇಕು. ಉದ್ಘಾಟನಿ ಹತ್ತರ ಬಂದೈತಿ. ಇದು ಪೂಜಿ ಆಗೂ ಜಾಗಾ. ಕಸದ ಮೈ, ಕೇರಿ ಮೈ ತೊಗೊಂಡು ಒಳಗ ಬಂದು ಬಿದ್ದು ಹೊಳ್ಳ್ಯಾಡೀರಿ. ನಿಮಗ ಬುದ್ಧಿ ಬ್ಯಾಡೇನು?"

ರೋಷನಬಿ ಬಾಯಿ ಹಾಕಲು ಹೋದಳು. ದುರ್ಗವ್ವ ಅವಳ ತೋಳು ಹಿಡಿದು ದವಾಖಾನೆಗೆ ನಡೆದಳು. ದಾರಿಯುದ್ದಕ್ಕೂ ಗೌಡನ ಮಾತು ಅವಳ ಬೆನ್ನು ಬಿಡಲಿಲ್ಲ. ಬೇಹೋಷ್ ಆಗೂದು ಹೊರಗ ಆಗಬೇಕು.

ಮರುದಿನ ಬೆಳಗ್ಗೆ ಹೆಂಗಸರು ಕೆಲಸಕ್ಕೆ ಬಂದಾಗ ಬ್ಯಾಟರಿ ಕೋಣೆಯ ಬಾಗಿಲು ತೆರೆದಿತ್ತು. ಜುಲ್ಫಿಕರ ಇನ್ನೂ ಬಂದಿರಲಿಲ್ಲ. ಒಳಗೆ ಅಣ್ಣಾರಾಯ. ಮಿಂದು, ಹಣೆತುಂಬ ವಿಭೂತಿ ಬಡಿದುಕೊಂಡು, ಒಂದು ಕೈಯಲ್ಲಿ ತಾಮ್ರದ ತಂಬಿಗೆ, ಇನ್ನೊಂದು ಕೈಯಲ್ಲಿ ಮಾವಿನ ಎಲೆಯ ಗೊಂಚಲು. ತಂಬಿಗೆಯಲ್ಲಿ ಗೋಮೂತ್ರ. ಎಲೆ ಅದ್ದಿ ನೆಲಕ್ಕೆ ಹೊಡೆದ, ಗೋಡೆಗೆ ಹೊಡೆದ. ಹುಲಿಗೆವ್ವ ಮಲಗಿದ್ದ ಜಾಗಕ್ಕೆ ಒಂದು ಬೊಗಸೆ ಹೆಚ್ಚು ಚೆಲ್ಲಿದ. ಹೆಂಗಸರು ದೂರ ನಿಂತು ನೋಡಿದರು. ತಮ್ಮ ಕಣ್ಣೆದುರಿಗೇ ಒಬ್ಬ ತಮ್ಮನ್ನು ಒರೆಸಿ ಹಾಕುತ್ತಿದ್ದ.

ಅಲ್ಲಿಗೆ ನಿಲ್ಲಿಸಿದ್ದರೆ ಅವನ ಪುಣ್ಯ ಅವನಿಗೆ ದಕ್ಕುತ್ತಿತ್ತು. ಆದರೆ ಅಣ್ಣಾರಾಯ ಅರ್ಧ ಕೆಲಸ ಮಾಡುವವನಲ್ಲ. ಮೈಲಿಗೆ ಗಾಳಿಯಲ್ಲಿ ಹಾರಿ ಬ್ಯಾಟರಿಯ ಒಳಗೂ ಹೋಗಿರಬಹುದೆಂದು ಅವನಿಗೆ ಅನ್ನಿಸಿರಬೇಕು. ಒಂದು ಬೀರುವಿನ ಬಾಗಿಲು ತೆಗೆದ. ಎಲೆ ಅದ್ದಿ ಎರಡು ಸಲ ಜೋರಾಗಿ ಬೀಸಿದ. ಸಾಲದೆಂದು ತಂಬಿಗೆಯಲ್ಲಿ ಉಳಿದದ್ದನ್ನೂ ಎರಚಿದ.

ಚಟಚಟ ಎಂದಿತು. ನೀಲಿ ಬೆಳಕೊಂದು ಹಲ್ಲು ಕಿರಿಯಿತು. ಆಮೇಲೆ ಢಬ್ ಎಂದು ಎದೆ ಅದುರುವ ಸದ್ದು. ಸೈರನ್ನು ಕಿರುಚಿತು. ಬಿಳಿ ಹೊಗೆಯ ಒಳಗಿನಿಂದ ಅಣ್ಣಾರಾಯ ಹೊರಬಿದ್ದ. ಒಂದು ಚಪ್ಪಲಿ ಇರಲಿಲ್ಲ. ಮಾವಿನ ಎಲೆ ಮಾತ್ರ ಕೈಯಲ್ಲೇ ಇತ್ತು. ಅವನು ಹಾಗೆಯೇ ಬೆಲ್ಟು ದಾಟಿ, ಕಸದ ರಾಶಿ ತುಳಿದು, ಗೇಟಿನ ತನಕ ಓಡಿದ. ತಂಬಿಗೆ ಅವನ ಹಿಂದೆ ಟಣಟಣ ಉರುಳುತ್ತ ಬಂದು ರೋಷನಬಿಯ ಕಾಲ ಹತ್ತಿರ ನಿಂತಿತು.

"ಗೋಮೂತ್ರ ಬ್ಯಾಟರಿಗಿ ಸೇರಲಿಲ್ಲ ಕಾಣ್ತದ" ಎಂದಳು ರೋಷನಬಿ.

ಆಗ ಬಂತು ನಗು. ಬಿದ್ದು ಬಿದ್ದು ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ. ಆ ನೀರಿನಲ್ಲಿ ಎಷ್ಟು ನಗು, ಎಷ್ಟು ಅಳು ಎಂದು ಕೇಳಿದರೆ ದುರ್ಗವ್ವನೂ ಹೇಳುತ್ತಿರಲಿಲ್ಲ.

ಜುಲ್ಫಿಕರ ಬಂದು, ಕರೆಂಟು ಕಡಿದು, ಹೊಗೆ ಆರಿದ ಮೇಲೆ ಒಳಗೆ ಹೋಗಿ ಬಂದ. ಮುಖ ಬಿಳಿಚಿತ್ತು. "ಬೆಂಕಿ ಹತ್ತಿದ್ರ ಮೊದಲು ಹೋಗೂದು ನಿಮ್ಮ ಓಣಿನ ಅಕ್ಕಾ" ಎಂದ. ಕೇರಿಯ ಮೊದಲ ಮನೆ ಕಾಂಪೌಂಡಿಗೆ ಅಂಟಿಕೊಂಡೇ ಇತ್ತು.

ಅಂದು ಸಂಜೆ ಸೊನ್ನಹಾಳದ ಬೀದಿದೀಪ ಹತ್ತಲಿಲ್ಲ. ಉದ್ಘಾಟನೆ ಮುಂದಕ್ಕೆ ಹೋಯಿತು. ಚಹಾದಂಗಡಿಯಲ್ಲಿ ಕಥೆ ಆಗಲೇ ತಯಾರಾಗಿತ್ತು: ಕೇರಿ ಹೆಂಗಸರು ಬ್ಯಾಟರಿ ರೂಮಿಗೆ ನುಗ್ಗಿ ಎಲ್ಲ ಕೆಡಿಸಿದರು.

ವಿಚಾರಣೆ ವಿಶ್ರಾಂತಿ ಕೋಣೆಯಲ್ಲಿ ನಡೆಯಿತು. ಸೋಫಾದ ಮೇಲೆ ಚೀಫ್ ಆಫೀಸರು, ಕಂಪನಿಯಿಂದ ಬಂದ ದೊಡ್ಡ ಇಂಜಿನಿಯರು, ಅಣ್ಣಾರಾಯ. ಗೋಡೆಗೆ ಒರಗಿ ಜುಲ್ಫಿಕರ. ಹೆಂಗಸರು ಹೊಸ್ತಿಲ ಹೊರಗೆ ಬಿಸಿಲಲ್ಲಿ. ಚೀಫ್ ಆಫೀಸರು ಮೈಸೂರು ಕಡೆಯವರು. ಮಾತು ಮೆತ್ತಗೆ.

"ನೋಡಮ್ಮ, ದೊಡ್ಡದು ಮಾಡೋದು ಬೇಡ. ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡಿ. ವಿಷಯ ಇಲ್ಲಿಗೇ ಮುಗಿಯುತ್ತೆ."

"ಎದಕ್ಕರಿ?" ಎಂದಳು ದುರ್ಗವ್ವ.

"ಒಳಗೆ ಹೋಗಿದ್ದಕ್ಕೆ."

"ಹೋಗಲಿಲ್ಲಂದ್ರ ಹುಲಿಗೆವ್ವ ಸಾಯ್ತಿದ್ಲು. ಆಕಿ ಸಾಯಲಿಲ್ಲ ಅಂತ ತಪ್ಪಾತು ಅನ್ಲೇನ್ರಿ?"

ಅಷ್ಟರಲ್ಲಿ ಕಂಪನಿಯ ಇಂಜಿನಿಯರು ಕೇಳಿದರು. "ಬೀರು ಒಳಗೆ ನೀರು ಹೆಂಗ ಹೋತು? ನನಗ ಅದು ಗೊತ್ತಾಗ್ಬೇಕು."

ಉತ್ತರ ಕೊಟ್ಟವನು ಅಣ್ಣಾರಾಯನೇ. ಅವನಿಗೆ ಮುಚ್ಚಿಡುವಂಥದ್ದು ಏನೂ ಕಾಣಲಿಲ್ಲ.

"ನೀರಲ್ರಿ ಸರ. ಗೋಮೂತ್ರ. ನಮ್ಮ ಮನಿ ಆಕಳದ್ದು. ಚೊಕ್ಕ ಐತಿ."

"ಬ್ಯಾಟರಿ ಮ್ಯಾಲೆ?"

"ಹೌದ್ರಿ. ಮೈಲಿಗಿ ಆಗಿತ್ತಲ್ರಿ."

ಇಂಜಿನಿಯರ ಪೆನ್ನು ಅಲ್ಲೇ ನಿಂತಿತು. ಚೀಫ್ ಆಫೀಸರು ಕೆಮ್ಮಿದರು. ಕರವಸ್ತ್ರ ತೆಗೆದು ಬೆವರಿಲ್ಲದ ಹಣೆ ಒರೆಸಿಕೊಂಡರು.

"ತೇವಾಂಶ ಅಂತ ಬರ್ಕೊಳ್ಳಿ" ಎಂದರು.

ಇಂಜಿನಿಯರು ಬರೆದುಕೊಂಡರು. ಚೀಫ್ ಆಫೀಸರು ಮತ್ತೆ ಬಾಗಿಲ ಕಡೆ ತಿರುಗಿದರು. "ಆದ್ರೂ ಶಿಸ್ತು ಅಂತ ಒಂದಿರುತ್ತಲ್ಲಮ್ಮ. ಒಂದು ಮಾತು ಹೇಳಿಬಿಡಿ."

ದುರ್ಗವ್ವನಿಗೆ ಒಂದು ಕ್ಷಣ ತಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎನಿಸಿತು. ಸುಟ್ಟವನು ಸೋಫಾದ ಮೇಲೆ. ಸುಟ್ಟಿದ್ದಕ್ಕೆ ಹೆಸರು ತೇವಾಂಶ. ತಪ್ಪಾಯಿತು ಎನ್ನಬೇಕಾದವಳು ತಾನು.

"ನಾ ಅನ್ನೂದಿಲ್ರಿ" ಎಂದಳು. ಧ್ವನಿ ಏರಿಸಲಿಲ್ಲ. "ಆಕಿ ನಾಳೆ ಮತ್ತ ಬಿದ್ರ ಮತ್ತ ಅಲ್ಲೇ ಒಯ್ತೇನಿ. ಈ ಬಾಗಲದ ಮ್ಯಾಲೆ ಸಿಬ್ಬಂದಿ ಅಂತ ಬರದೀರಿ. ಇಲ್ಲಿ ದುಡಿಯಾವ್ರು ನಾವು. ಈ ಬಾಗಲಾ ನಮಗ ತೆರೀರಿ, ಬರ್ತೇವಿ. ತೆರೀಲಿಲ್ಲಂದ್ರ ನಾಳಿಯಿಂದ ನಿಮ್ಮ ಕಸಾ ನೀವ ಆರಸ್ಕೋರಿ. ಗೌಡ್ರ ಕೈ ಭಾಳ ಚೊಕ್ಕ ಅದಾವ."

ಮನೆಗೆ ಬಂದಾಗ ಗಂಡ ಭೀಮಶ್ಯಾನಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಅವನು ಪಂಚಾಯಿತಿಯ ಗಟಾರು ಕೆಲಸದವನು. ಬುದ್ಧ, ಬಾಬಾಸಾಹೇಬರ ಫೋಟೋಗಳ ಕೆಳಗೆ ಗೋಡೆಗೆ ಒರಗಿ ಕೂತಿದ್ದ. ಮುಖ ಗಂಟಿಕ್ಕಿತ್ತು.

"ಸಾಹೇಬ್ರ ಮುಂದ ಹಂಗ ಮಾತಾಡ್ತಾರೇನ? ತಪ್ಪಾತು ಅಂದಿದ್ರ ನಿನ್ನ ನಾಲಿಗಿ ಸವೀತಿತ್ತೇನು?"

"ನೀ ಅಂದು ಅಂದು ನಿಂದು ಸವಿಸಿ ಕುಂತೀದಿ. ಮನ್ಯಾಗ ಒಂದರ ಇರಲಿ ಅಂತ ಇಟ್ಕೊಂಡೇನಿ."

ಅವನು ಅಂದು ಉಣ್ಣಲಿಲ್ಲ. ಅವಳೂ ಕರೆಯಲಿಲ್ಲ.

ಮರುದಿನ ಹೆಂಗಸರು ಕೆಲಸಕ್ಕೆ ಹೋಗಲಿಲ್ಲ. ಬೆಲ್ಟಿಗೆ ಅಣ್ಣಾರಾಯ ಬೇರೆ ಊರಿನ ಗಂಡಸರನ್ನು ಟಂಟಂ ಗಾಡಿಯಲ್ಲಿ ತುಂಬಿಸಿಕೊಂಡು ಬಂದ. ಅವರು ಮಧ್ಯಾಹ್ನದ ತನಕ ನಿಂತರು. ಒಬ್ಬನ ಅಂಗೈಗೆ ಸೂಜಿ ಹೊಕ್ಕಿತು. ಇನ್ನೊಬ್ಬ ಡಯಾಪರು ಬಿಚ್ಚಿ, ಬೆಲ್ಟಿನ ಮೇಲೆಯೇ ವಾಂತಿ ಮಾಡಿಕೊಂಡ. ಉಂಡು ಬರುತ್ತೇವೆಂದು ಹೋದವರು ಬರಲಿಲ್ಲ. ಗಟಾರಿನ ಗಂಡಸರನ್ನು ಕರೆಸಿ ಎಂದು ಆಜ್ಞೆಯಾಯಿತು. ಭೀಮಶ್ಯಾನ ಹತ್ತಿರ ಅವರ ಮೇಲಿನ ಮುಕಾದಮ ಬಂದ. ಭೀಮಶ್ಯಾ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಸೊಂಟ ಹಿಡದೈತ್ರಿ, ಬಗ್ಗಾಕ ಬರವಲ್ದು" ಎಂದ. ಹಾಗೆಂದು ಗಟಾರಿಗೆ ಇಳಿದು ಸಂಜೆಯ ತನಕ ಬಗ್ಗಿ ಹೂಳು ತೆಗೆದ. ಅವನು ಸಾಹೇಬರಿಗೆ ಹೇಳಿದ ಮೊದಲ ಸುಳ್ಳು ಅದು. ಮನೆಗೆ ಬಂದು ಹೆಂಡತಿಗೆ ಹೇಳಲಿಲ್ಲ. ಪಕ್ಕದ ಮನೆಯವರು ಹೇಳಿದರು. ದುರ್ಗವ್ವ ರೊಟ್ಟಿಯ ಮೇಲೆ ಒಂದು ಹಿಡಿ ಶೇಂಗಾ ಚಟ್ನಿ ಹೆಚ್ಚಿಗೆ ಹಾಕಿದಳು.

ಆರಿಸುವವರಿಲ್ಲದೆ ಅಣ್ಣಾರಾಯ ಚೀಲಗಳನ್ನು ಹಾಗೆ ಹಾಗೆಯೇ ಅರೆಯುವ ಯಂತ್ರಕ್ಕೆ ಸುರಿಸಿದ. ಯಂತ್ರ ಪ್ಲಾಸ್ಟಿಕ್ ನುಂಗಿತು, ಗಾಜು ನುಂಗಿತು. ಯಾರದೋ ಹಳೆಯ ಸೀರೆಯೊಂದು ಅದರ ಗಂಟಲಿಗೆ ಸುತ್ತಿಕೊಂಡಿತು. ಗ್ಯಾಸಿನ ತೊಟ್ಟಿಯ ಹೊಟ್ಟೆ ಕೆಟ್ಟಿತು. ಹುಳಿ ನೊರೆ ಮುಚ್ಚಳ ಎತ್ತಿಕೊಂಡು ಹೊರಬಂದು ಇಳಿಜಾರು ಹಿಡಿದು ಊರ ರಸ್ತೆಗೆ ಹರಿಯಿತು. ಕೇರಿಯ ಬೆನ್ನಿನ ಕಡೆಯಿಂದ ಜೋರು ಗಾಳಿ ಎದ್ದು ಆ ನಾತವನ್ನು ಪೇಟೆಗೂ ಚೀಫ್ ಆಫೀಸರರ ಮನೆಗೂ ಮುಟ್ಟಿಸಿತು. ಬ್ಯಾಟರಿ ಸುಟ್ಟಿತ್ತು, ಗ್ಯಾಸು ಸತ್ತಿತ್ತು. ಊರು ಕತ್ತಲಲ್ಲಿ ಮೂಗು ಮುಚ್ಚಿಕೊಂಡು ಕೂತಿತು.

ರೋಷನಬಿ ಮೆಣಸಿನಪುಡಿ ತರಲು ಪೇಟೆಗೆ ಹೋದಾಗ ಅಂಗಡಿಯವನು ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದ. "ಏನವಾ ಇದು ನಿಮ್ಮ ನಾತ, ಯಾವಾಗ ಕೆಲಸಕ್ಕ ಹೋಗ್ತೀರಿ?" ಎಂದ.

"ನಮ್ಮದಲ್ಲರೀ ಸಾವಕಾರ್ರ, ನಿಮ್ಮದ" ಎಂದಳು. "ನಿಮ್ಮ ಮನಿದು ನಿಮ್ಮ ಮನಿಗಿ ಬಂದೈತಿ. ಇಷ್ಟ ದಿನಾ ನಮ್ಮಲ್ಲಿ ಬಿಟ್ಟಿದ್ರಿ."

ಚೀಫ್ ಆಫೀಸರು ಕೇರಿಗೆ ಬಂದರು. ಮೊದಲ ಸಲ. ಕಾರು ಒಳಗೆ ಬರುವಷ್ಟು ದಾರಿ ಇರಲಿಲ್ಲ, ನಡೆದು ಬಂದರು. ದುರ್ಗವ್ವ ತಂಬಿಗೆಯಲ್ಲಿ ನೀರು ಕೊಟ್ಟಳು. ಈಗ ತಾನೇ ಕುಡಿದೆ ಎಂದರು. ಅವರ ತುಟಿ ಒಣಗಿ ಬಿರುಕು ಬಿಟ್ಟಿದ್ದು ಎಲ್ಲರಿಗೂ ಕಾಣುತ್ತಿತ್ತು.

"ತಪ್ಪಾಯ್ತು ಅನ್ನೋದೇನೂ ಬೇಡ. ಕೆಲಸಕ್ಕೆ ಬನ್ನಿ. ನಿಮಗೇ ಅಂತ ಪ್ರತ್ಯೇಕ ಕೊಠಡಿ ಕಟ್ಟಿಸಿಕೊಡ್ತೀನಿ."

"ಪ್ರತ್ಯೇಕ ನಮ್ಮಲ್ಲಿ ಭಾಳ ಐತ್ರಿ ಸಾಹೇಬ್ರ. ಪ್ರತ್ಯೇಕ ಓಣಿ, ಪ್ರತ್ಯೇಕ ಸುಡುಗಾಡ. ಇನ್ನೊಂದು ತೊಗೊಂಡು ಎಲ್ಲಿಡೂದು?"

ಆದರೆ ಕೂಲಿಯಿಲ್ಲದೆ ಒಲೆಗಳು ತಣ್ಣಗಿದ್ದವು. ಬೇರೆ ಹೆಂಗಸರ ಮುಖ ದುರ್ಗವ್ವನಿಗೆ ಕಾಣುತ್ತಿತ್ತು. ಅವರನ್ನು ಹಿಡಿದು ನಿಲ್ಲಿಸುವುದು ನ್ಯಾಯವಲ್ಲ ಎನಿಸಿತು. "ಕೆಲಸಕ್ಕ ಬರ್ತೇವಿ. ತಪ್ಪಾತು ಅನ್ನೂದಿಲ್ಲ. ನಿಮ್ಮ ಕೊಠಡಿ ನೋಡಿ ಹೇಳ್ತೇವಿ" ಎಂದಳು.

ಹಗಲಿನ ಸೋಲಾರ್ ಕರೆಂಟಿನಲ್ಲಿ ಮತ್ತೆ ಬೆಲ್ಟು ಓಡಿತು. ಹುಲಿಗೆವ್ವನೂ ಬಂದಳು; ಬೇಡವೆಂದರೂ ಕೇಳಲಿಲ್ಲ. ಕೊಠಡಿ ಬೇಗ ಎದ್ದಿತು. ಗೊಬ್ಬರದ ರಾಶಿಯ ಆಚೆ, ಪಾಯಿಖಾನೆಯ ಗುಂಡಿಯ ಪಕ್ಕ. ನಾಲ್ಕೂ ಕಡೆ ತಗಡು, ಮೇಲೆ ತಗಡು, ಕಿಟಕಿ ಇಲ್ಲ. ಗುಲಾಬಿ ಬಣ್ಣ ಬಳಿದು 'ಮಹಿಳಾ ಕಾರ್ಮಿಕರ ವಿಶ್ರಾಂತಿ ತಾಣ' ಎಂದು ಬರೆದರು. ಬಾಗಿಲಿಗೆ ರಿಬ್ಬನ್ನು. ಚೀಫ್ ಆಫೀಸರು ಬಂದರು, ಫೋಟೋದವನು ಬಂದ, ಮೈಕು ಬಂತು. ಅಣ್ಣಾರಾಯ ತಟ್ಟೆಯಲ್ಲಿ ಕತ್ತರಿ ಹಿಡಿದು ನಿಂತ.

ರಿಬ್ಬನ್ನು ಕತ್ತರಿಸಿದ ಮೇಲೆ, "ಒಳಗೆ ಹೋಗಿ ಕೂತ್ಕೊಳ್ಳಿ, ಒಂದು ಫೋಟೋ ತೆಗೀತಾರೆ" ಎಂದರು ಸಾಹೇಬರು.

ದುರ್ಗವ್ವ ಒಳಗೆ ಹೋದಳು. ಒಳಗೆ ಗಾಳಿ ಇರಲಿಲ್ಲ, ಕಾವು ಇತ್ತು. ತಗಡಿಗೆ ಅಂಗೈ ಇಟ್ಟಳು. ಚುರ್ರೆಂದಿತು. ಇಲ್ಲಿ ರೊಟ್ಟಿ ಸುಡಬಹುದು ಎಂದುಕೊಂಡಳು. ಹೊರಗೆ ಬಂದು ಹುಲಿಗೆವ್ವನ ಕೈ ಹಿಡಿದಳು. "ಬಾ" ಎಂದಳು. ಬೇರೇನೂ ಹೇಳಲಿಲ್ಲ. ಹಿಂದೆ ರೋಷನಬಿ ಹೊರಟಳು. ಅವಳ ಹಿಂದೆ ಉಳಿದವರು. ಗೊಬ್ಬರದ ರಾಶಿ ಸುತ್ತು ಹಾಕಿ, ಸೋಲಾರ್ ಫಲಕಗಳ ಸಾಲು ದಾಟಿ, ಸಿಬ್ಬಂದಿ ವಿಶ್ರಾಂತಿ ಕೊಠಡಿಯ ಕಡೆ ನಡೆದರು.

ಸಾಹೇಬರಿಗೆ ಚಹಾ, ಬಜಿ ಇಡಲೆಂದು ಅವತ್ತು ಅದರ ಬೀಗ ತೆಗೆದಿತ್ತು. ಬಾಗಿಲಲ್ಲಿ ಜುಲ್ಫಿಕರ ಇದ್ದ. ಬೀಗ, ಬೀಗದ ಕೈ ಎರಡನ್ನೂ ಅಣ್ಣಾರಾಯ ಅವನ ಕೈಗೆ ಕೊಟ್ಟಿದ್ದ. ಆಚೆಯಿಂದ ಅಣ್ಣಾರಾಯನ ಕೂಗು ಬಂತು. "ಏ ಜುಲ್ಫಿಕರ, ಬಾಗಲಾ ಹಾಕ್ಕೋ. ಕೀಲಿ ಹಾಕು."

ಜುಲ್ಫಿಕರ ಕೈಯಲ್ಲಿದ್ದ ಕೀಲಿ ನೋಡಿದ. ಕೀಲಿಯನ್ನು ಪ್ಯಾಂಟಿನ ಕಿಸೆಗೆ ಹಾಕಿಕೊಂಡು ಬಾಗಿಲನ್ನು ಅಗಲಕ್ಕೆ ತಳ್ಳಿ ಹಿಡಿದ.

"ಬರ್ರಿ ಅಕ್ಕಾ."

ಸೋಫಾದ ಮೇಲೆ ಹಿಡಿದಷ್ಟು ಜನ ಕೂತರು. ಉಳಿದವರು ತಣ್ಣನೆಯ ನೆಲದ ಮೇಲೆ. ಹುಲಿಗೆವ್ವ ಸೋಫಾದಲ್ಲಿ ಕಾಲು ಮೇಲೆತ್ತಿಕೊಂಡು ಕೂತಳು. ರೋಷನಬಿ ಬಜಿಯ ಮೇಲಿನ ಕಾಗದ ಸರಿಸಿ, "ಸಿಬ್ಬಂದಿಗಿ ತರಿಸ್ಯಾರ, ತಿನ್ರಿ" ಎಂದು ತಟ್ಟೆ ಹಂಚಿದಳು.

ಹೊರಗೆ ಮೈಕಿನಲ್ಲಿ ಸಾಹೇಬರ ಭಾಷಣ ಶುರುವಾಗಿತ್ತು. ಮಹಿಳಾ ಸಬಲೀಕರಣ ಎಂಬ ಮಾತು ಎರಡು ಸಲ ಕೇಳಿತು. ಕೇಳಲು ಅಲ್ಲಿ ಫೋಟೋದವನು, ಅಣ್ಣಾರಾಯ ಮತ್ತು ಖಾಲಿ ಕುರ್ಚಿಗಳು. ಬಿಸಿಲು ನೆತ್ತಿಯ ಮೇಲಿತ್ತು. ಸ್ವಲ್ಪ ಹೊತ್ತಿಗೆ ಭಾಷಣ ನಡುವೆಯೇ ನಿಂತಿತು. ಮೈಕು ಒಮ್ಮೆ ಕುಂಯ್ ಎಂದಿತು. ಚಪ್ಪಲಿಯ ಸದ್ದು ಹತ್ತಿರ ಬಂತು.

ಚೀಫ್ ಆಫೀಸರು ಬಾಗಿಲಲ್ಲಿ ನಿಂತರು. ಅಂಗಿ ಬೆನ್ನಿಗೆ ಅಂಟಿತ್ತು. ಮುಖ ಕೆಂಪಗೆ ಕಾದಿತ್ತು.

ದುರ್ಗವ್ವನ ಕಾಲು ತಾವಾಗಿಯೇ ಏಳಲು ಹೊರಟವು. ಹುಟ್ಟಿದಾಗಿನಿಂದ ಕಲಿತದ್ದು, ಬಾಗಿಲಲ್ಲಿ ದೊಡ್ಡವರು ನಿಂತರೆ ಏಳುವುದು. ಅವಳು ಎರಡೂ ಅಂಗೈಯನ್ನು ಮೊಣಕಾಲ ಮೇಲೆ ಊರಿ, ಬಲವಾಗಿ ಒತ್ತಿ ಹಿಡಿದಳು. ಏಳಲಿಲ್ಲ. ಆಚೀಚೆ ನೋಡಿದಳು. ಯಾರೂ ಎದ್ದಿರಲಿಲ್ಲ.

ಅವಳು ಹುಲಿಗೆವ್ವನ ಕಡೆ ಸ್ವಲ್ಪ ಸರಿದಳು. ಸೋಫಾದ ತುದಿಯಲ್ಲಿ ಒಂದು ಗೇಣು ಜಾಗವಾಯಿತು.

"ಕುಂದರ್ರಿ ಸಾಹೇಬ್ರ. ಜಾಗಾ ಐತಿ."

ಸಾಹೇಬರು ಹಿಂದೆ ತಿರುಗಿ ಬಿಸಿಲು ನೋಡಿದರು. ಮುಂದೆ ತಿರುಗಿ ಹೆಂಗಸರನ್ನು ನೋಡಿದರು. ಆಮೇಲೆ ಒಳಗೆ ಬಂದು ಆ ತುದಿಯಲ್ಲಿ, ಅರ್ಧ ಕುಂಡಿ ಊರಿ ಕೂತರು.

ಅಣ್ಣಾರಾಯ ಬಾಗಿಲ ತನಕ ಬಂದಿದ್ದ. ಕೈಯಲ್ಲಿ ಇನ್ನೂ ಕತ್ತರಿಯ ತಟ್ಟೆ. ಒಂದು ಕಾಲು ಮುಂದಿಟ್ಟ. ನೆಲದ ತುಂಬ ಹೆಂಗಸರು. ಮೈಗೆ ಮೈ ತಾಗದೆ ಒಳಗೆ ಬರಲು ದಾರಿಯಿರಲಿಲ್ಲ. ಕಾಲು ಹಿಂದಕ್ಕೆ ತೆಗೆದ. ಬಿಸಿಲಲ್ಲಿ ನಿಂತ. ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯತೊಡಗಿತು.

ಹುಲಿಗೆವ್ವ ಅವನನ್ನೇ ನೋಡುತ್ತಿದ್ದಳು. ಬಾಯಲ್ಲಿದ್ದ ಬಜಿ ನುಂಗಿ ಹೇಳಿದಳು.

"ಬರಾವ್ರಿದ್ರ ಬರ್ರಿ ಗೌಡ್ರ. ಇಲ್ಲಾಂದ್ರ ಬಾಗಲಾ ಹಾಕ್ರೆಪಾ. ತಂಪು ಹೊರಗ ಹೊಂಟೈತಿ."

ಅಣ್ಣಾರಾಯ ಕದಲಲಿಲ್ಲ. ಜುಲ್ಫಿಕರ ಬಾಗಿಲು ಹಾಕಿದ.